ಏಳನೇ ಟೇಬಲ್

ಏಳನೇ ಟೇಬಲಿನಲ್ಲಿ ಯಾರೂ ಇರಲಿಲ್ಲ.
ಆದರೂ ಅಲ್ಲಿಂದಲೇ ಕೂಗು:
ಏಯ್ ದೂಮ, ನೀರು ತಾ. ಏಯ್ ದೂಮ, ನೀನು ಕಳ್ಳ.
ನೀರು ಇಟ್ಟು ಬಂದೆ,
ಒಂದು ಲೋಟ, ಎರಡು, ಒಂಬತ್ತು.
ಗಲ್ಲೆಯಿಂದ ಧಣಿ ಎದ್ದು ಬಂದು
ಖಾಲಿ ಕುರ್ಚಿಯನ್ನೂ ತುಂಬಿದ ಲೋಟಗಳನ್ನೂ ನೋಡಿ
ಕನ್ನಡಕ ತೆಗೆದು ಒರೆಸಿಕೊಂಡರು,
ಏನೂ ಅನ್ನಲಿಲ್ಲ.

ಇಪ್ಪತ್ತೆರಡು ವರ್ಷ ಮಾಟುಂಗದ ಆ ಹೋಟೆಲಿನಲ್ಲಿ
ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ
ನಡೆದದ್ದನ್ನು ಉದ್ದಕ್ಕೆ ಹಾಸಿದ್ದರೆ
ಕಾಪುವಿಗೆ ನಲವತ್ತು ಸಲ ನಡೆದೇ ಹೋಗಿ ಬರಬಹುದಿತ್ತು.
ಹೋದದ್ದು ಐದು ಸಲ, ಬಸ್ಸಿನಲ್ಲಿ.
ಎಡಗೈಯಲ್ಲಿ ಎಂಟು ಕಪ್ಪು, ಬಲಗೈಯಲ್ಲಿ ಮಸಾಲೆದೋಸೆ,
ಒಂದು ಹನಿ ಸಾಂಬಾರು ಚೆಲ್ಲಿದವನಲ್ಲ.

ಈಗ ಮಾತ್ರೆ. ರಾತ್ರಿ ಒಂದು ದೊಡ್ಡದು, ಬೆಳಿಗ್ಗೆ ಎರಡು ಸಣ್ಣವು.
ಸುಳ್ಳು ಹೇಳಬಾರದು,
ಮಾತ್ರೆ ಆ ಟೇಬಲನ್ನು ದೂರ ಸರಿಸಿತು,
ರಸ್ತೆಯಾಚೆಗೆ, ಕೂಗು ಕೇಳಿದರೂ
ಪದ ತಿಳಿಯದಷ್ಟು ದೂರ.
ಆದರೆ ಕಾಲಿಗೆ ಅರೆಯುವ ಕಲ್ಲು ಕಟ್ಟಿತು.
ಉಂಡರೂ ಹಸಿವು, ಮಲಗೆದ್ದರೂ ನಿದ್ದೆ,
ಕೈಯಲ್ಲಿ ಸಾಸರು ಕಟಕಟ.
ವಡಾಲದ ಅಕ್ಕನ ಖೋಲಿಯಲ್ಲಿ ಫ್ಯಾನು ತಿರುಗುವುದನ್ನು
ಹತ್ತು ತಿಂಗಳು ನೋಡಿದೆ.
ಮೂರರಲ್ಲಿ ಒಂದು ರೆಕ್ಕೆ ಸೊಟ್ಟ.

ಕೇಂದ್ರದಿಂದ ಬಂದವಳು ವೃಷಾಲಿ ತಾಯಿ.
ಮರಾಠಿಯಲ್ಲಿ ಅದು ಅಕ್ಕ, ನನ್ನ ಕಿವಿಗೆ ಅಮ್ಮ,
ವಯಸ್ಸು ನೋಡಿದರೆ ಇಪ್ಪತ್ತಾರು.
ವ್ಯಾಯಾಮ ಗೀಯಾಮ ಬೇಡ ದೂಮಣ್ಣ, ಅಂದಳು,
ಗೇಟಿನ ತನಕ ಹೋಗಿ ಬನ್ನಿ.

ಗೇಟಿಗೆ ನೂರ ಹನ್ನೊಂದು ಹೆಜ್ಜೆ.
ಮೊದಲ ದಿನ ಎಪ್ಪತ್ತಕ್ಕೇ ಕೂತೆ,
ಯಾರದೋ ಸ್ಕೂಟರಿನ ಮೇಲೆ.
ಸ್ಕೂಟರಿನವನು ಓಡಿ ಬಂದು ಬೈದ.
ಅದು ನಿಜವಾದ ಬೈಗುಳ!
ಬೈದ ಬಾಯಿಗೆ ಮುಖ ಇತ್ತು, ಮುಖಕ್ಕೆ ಮೀಸೆ ಇತ್ತು.
ಎಷ್ಟು ಸಮಾಧಾನವಾಯಿತೆಂದರೆ
ನಕ್ಕುಬಿಟ್ಟೆ. ಅವನು ಹೆದರಿ ಹಿಂದೆ ಸರಿದ.

ಈಚೆಗೆ ಬುಧವಾರ ಬುಧವಾರ ಫೈವ್ ಗಾರ್ಡನ್ಸ್.
ಹುತೋಕ್ಷಿಬಾಯಿಯ ಕೈಯಲ್ಲಿ ಸದಾ ಛತ್ರಿ,
ಬಿಸಿಲಿಗಲ್ಲ, ಮೇಲಿಂದ ನೋಡುವವರಿದ್ದಾರಂತೆ.
ಮುನಾಫ್ ಟ್ಯಾಕ್ಸಿ ಓಡಿಸುತ್ತಿದ್ದವನು,
ಈಗಲೂ ತಿರುವು ಬಂದರೆ
ಬಲಗೈ ಚಾಚಿಯೇ ತಿರುಗುತ್ತಾನೆ.
ತೇಜಸನಿಗೆ ಮರಗಳ ಲೆಕ್ಕ; ಒಂದು ತಪ್ಪಿದರೆ
ಮೊದಲಿನಿಂದ ಶುರು,
ಹಾಗಾಗಿ ನಮ್ಮೆಲ್ಲರ ಹೆಜ್ಜೆಯೂ ಜಾಸ್ತಿ.

ಮೂರನೇ ತೋಟದ ಬೇಲಿಯ ಹತ್ತಿರ ಒಮ್ಮೆ
ಏಳನೇ ಟೇಬಲ್ ರಸ್ತೆ ದಾಟಿ ಬಂತು.
ಏಯ್ ದೂಮ, ಏನೋ ನಿನ್ನ ನಡಿಗೆ, ಬಸುರಿ ಎಮ್ಮೆ.
ಕಾಲು ನಿಂತಿತು. ಬೆನ್ನು ಬೆವೆತಿತು.
ಆಮೇಲೆ ಬಾಯಿ, ತಾನಾಗಿಯೇ, ಹಳೇ ಅಭ್ಯಾಸ,
ಬಂದೆ ಸಾರ್, ಎರಡೇ ನಿಮಿಷ!
ಅಂದು ನಡೆದೆ.
ಆ ಎರಡು ನಿಮಿಷ ಎಷ್ಟುದ್ದ ಅಂತ
ಮುಂಬಯಿಯ ಮಾಣಿಗಳಿಗೆಲ್ಲ ಗೊತ್ತು.

ಮರುದಿನ ಹೋಗಲಿಲ್ಲ. ಮರುವಾರವೂ ಇಲ್ಲ.
ಯಾಕೆ ಅಂದರೆ ಹೇಳಲು ಬರುವುದಿಲ್ಲ,
ಚಪ್ಪಲಿ ಬಾಗಿಲಲ್ಲೇ ಇತ್ತು, ನಾನು ಒಳಗಿದ್ದೆ.
ಅಕ್ಕ ಬೈಯಲಿಲ್ಲ. ಸುಮ್ಮನೆ
ಚಪ್ಪಲಿಯ ಮೂತಿಯನ್ನು ಹೊರಕ್ಕೆ ತಿರುಗಿಸಿಟ್ಟು
ಅಕ್ಕಿ ಆರಿಸತೊಡಗಿದಳು.

ನಿನ್ನೆ ನಾಲ್ಕು ತೋಟ ಸುತ್ತಿ
ಮೂಲೆಯ ಗಾಡಿಯಿಂದ ಎರಡು ಕಟಿಂಗ್ ಹಿಡಿದು ಬಂದೆ,
ಬರೀ ಎರಡು ಗ್ಲಾಸು, ಇಪ್ಪತ್ತು ಮಾರು.
ಕೈ ನಡುಗಿ ಅಂಗೈಯೆಲ್ಲ ಚಹಾ.
ಹುತೋಕ್ಷಿಬಾಯಿ ಗ್ಲಾಸಿನೊಳಗೆ ಇಣುಕಿ,
ಅರ್ಧಕ್ಕೆ ಅರ್ಧ ದುಡ್ಡೇ ಕೊಡುವುದು, ಅಂದರು.
ಕುಡಿದರು.
ಆಕಾಶ ನೋಡಿದರು, ನನ್ನನ್ನು ನೋಡಿದರು,
ದನಿ ತಗ್ಗಿಸಿ,
ಇವತ್ತು ಅವರು ನಿಮ್ಮನ್ನೂ ನೋಡುತ್ತಿದ್ದಾರೆ, ಅಂದು
ಛತ್ರಿಯನ್ನು ಒಂದಿಷ್ಟು ನನ್ನ ಕಡೆಗೆ ವಾಲಿಸಿದರು.